ಡಾಕ್ಟರರನ್ನು ಕೇಳಿ: ನೋವು ಏಕೆ ಮತ್ತೆ ಮತ್ತೆ ಬರುತ್ತದೆ? (ಕ್ರೀಡಾಪಟುಗಳು, ಪೋಷಕರು, ತರಬೇತುದಾರರ ಮೊಬೈಲ್ ಗುಂಪಿನ ಮಾತುಕತೆ)

ಇಂಡಿ ಪಟ್ಟಣದ ತಾಯಿ: ನಮಸ್ಕಾರ ಡಾಕ್ಟರೇ. ಮಗಳಿಗೆ ಹದಿನಾರು ವರ್ಷ, 3000 ಮೀಟರ್ ಓಡುತ್ತಾಳೆ, ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಮೊಳಕಾಲ ಕೆಳಗಿನ ಎಲುಬಿನ ನೋವು ಕಡಿಮೆಯಾಗಿ ಮತ್ತೆ ಬರುತ್ತದೆ. ಎಕ್ಸ್-ರೇಯಲ್ಲಿ ಏನೂ ಇಲ್ಲ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ನಸುಕಿನಲ್ಲೇ ಎಚ್ಚರವಾಗುತ್ತದಂತೆ. ಯಾವ ಕ್ಯಾಲ್ಸಿಯಂ ಕೊಡಲಿ?

ಡಾಕ್ಟರ್: ತಾಯಿ, ಕ್ಯಾಲ್ಸಿಯಂ ಮಾತು ಆಮೇಲೆ. ನೀವು ಮೂರು ತೊಂದರೆ ಬರೆದಿದ್ದೀರಿ, ನನಗೆ ಅದು ಒಂದೇ ಎನಿಸುತ್ತಿದೆ. ಓಟಕ್ಕೆ ತಕ್ಕ ಊಟವಿಲ್ಲದಿದ್ದರೆ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಇಳಿದಾಗ ಎಲುಬಿನ ದುರಸ್ತಿಯೂ ಕುಂಟುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಹೀಗೆ ದೇಹಕ್ಕೆ ಶಕ್ತಿ ಸಾಲದಿರುವ ಸ್ಥಿತಿಗೆ ‘ರೆಡ್-ಎಸ್’ ಎಂದು ಹೆಸರಿಟ್ಟಿತು, ಹುಡುಗರಿಗೂ ಬರುತ್ತದೆ. ಊಟ ಕಡಿಮೆಯಾಗಿದ್ದು ಏಕೆ ಎಂಬುದೇ ಪ್ರಶ್ನೆ. ತೂಕದ ಬಗ್ಗೆ ಯಾರಾದರೂ ಚುಚ್ಚಿದರೇ? ಕ್ರೀಡಾಕೂಟದ ಆಯ್ಕೆಯ ಭಯವೇ? ಆತಂಕ ಹಸಿವನ್ನೂ ನಿದ್ದೆಯನ್ನೂ ತಿನ್ನುತ್ತದೆ. ನಿದ್ದೆಯಿಲ್ಲದ ದೇಹಕ್ಕೆ ಗಾಯ ಬೇಗ ಮಾಯುವುದಿಲ್ಲ. ಎಲುಬಿನ ಸಣ್ಣ ಬಿರುಕು ಆರಂಭದಲ್ಲಿ ಎಕ್ಸ್-ರೇಗೆ ಸಿಗದಿರಬಹುದು, ಎಂಆರ್‌ಐ ಮಾಡಿಸಿ. ಅಲ್ಲಿಯವರೆಗೆ ಓಟ ಬೇಡ, ಆಯ್ಕೆ ನಾಳೆಯೇ ಇದ್ದರೂ ಬೇಡ. ಮುಟ್ಟು ನಿಲ್ಲಲು ಬೇರೆ ಕಾರಣಗಳೂ ಇರುತ್ತವೆ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತನಾಡಿ. ಬದುಕು ಬೇಡ ಎನ್ನುವ ಮಾತು ಬಂದರೆ ಒಬ್ಬಳನ್ನೇ ಬಿಡಬೇಡಿ, ಅಂದೇ ವೈದ್ಯರ ಬಳಿ ಕರೆತನ್ನಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಆಸ್ಪತ್ರೆಯೂ ಇದೆ.

ಬೈಲಹೊಂಗಲದ ಸದಸ್ಯ: ಪಂದ್ಯದ ದಿನ ಮಗನಿಗೆ ಹೊಟ್ಟೆ ಕೆಡುತ್ತದೆ, ಮಾತ್ರೆ ಹೇಳಿ.

ಡಾಕ್ಟರ್: ಹಿಂದೆಯೇ ಉತ್ತರಿಸಿದ್ದೇನೆ. ಮೇಲೆ ಹುಡುಕಿ.

ಗೋಕಾಕದ ಸದಸ್ಯ: ಫಾರ್ವರ್ಡ್ ಬಂದಿದೆ: ‘ಅಶ್ವಗಂಧ, ಗಸಗಸೆ ಹಾಲಿನಲ್ಲಿ ಕುದಿಸಿ ಕೊಡಿ, ಏಳು ದಿನದಲ್ಲಿ ಭಯ ಮಾಯ, ಬಲ ದುಪ್ಪಟ್ಟು.’ ಎಲ್ಲರಿಗೂ ಕಳುಹಿಸಿ.

ಡಾಕ್ಟರ್: ಕಳುಹಿಸಬೇಡಿ. ಇಂಥ ಪುಡಿಗಳಲ್ಲಿ ಏನು ಬೆರೆತಿದೆಯೋ ಕುದಿಸಿದವರಿಗೇ ತಿಳಿದಿರುವುದಿಲ್ಲ. ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕರೆ ಹೊಣೆ ಕ್ರೀಡಾಪಟುವಿನದು, ‘ಗೊತ್ತಿರಲಿಲ್ಲ’ ಎಂದರೆ ಬಿಡುವುದಿಲ್ಲ. ತೂಕ ಇಳಿಸಲು ಮೂತ್ರದ ಮಾತ್ರೆ ನುಂಗಿಸುವವರಿಗೂ ಇದೇ ಮಾತು. ಅದು ನಿಷೇಧಿತ ಪಟ್ಟಿಯಲ್ಲೇ ಇದೆ.

ಕುಸ್ತಿ ತರಬೇತುದಾರ, ಮುಧೋಳ: ನಮ್ಮ ಗರಡಿಯಲ್ಲಿ ಆತಂಕ, ಖಿನ್ನತೆ ಎಂಬುದೇ ಇರಲಿಲ್ಲ. ಬೈಠಕ್ ಹೊಡೆಸಿ, ನಿದ್ದೆ ತಾನೇ ಬರುತ್ತದೆ.

ಬೆಳಗಾವಿಯ ಜುಡೋ ಆಟಗಾರ್ತಿ: ಇರಲಿಲ್ಲವೋ, ಹೇಳಿಕೊಳ್ಳಲು ಜಾಗವಿರಲಿಲ್ಲವೋ, ಕಾಕಾ? ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತನ್ನ ದೇಹದ ಅಂದಾಜು ತಪ್ಪುತ್ತಿದೆ ಎಂದು ತಂಡದ ಫೈನಲ್‌ನಿಂದ ಹಿಂದೆ ಸರಿದಳು. ಸರಿಯದಿದ್ದರೆ ಕತ್ತು ಮುರಿಯಬಹುದಿತ್ತು.

ಕುಸ್ತಿ ತರಬೇತುದಾರ, ಮುಧೋಳ: ಅದು ಅಮೆರಿಕ. ನಮ್ಮ ಕುಸ್ತಿಪಟು ವಿನೇಶ್ ಫೋಗಟ್ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ಗೆ ಮುನ್ನ ರಾತ್ರಿಯಿಡೀ ತೂಕ ಇಳಿಸಲು ಹೆಣಗಿದಳಲ್ಲ, ಅದು ಛಲ.

ಬೆಳಗಾವಿಯ ಜುಡೋ ಆಟಗಾರ್ತಿ: ನೂರು ಗ್ರಾಂ ಹೆಚ್ಚಾಗಿ ಅನರ್ಹಳಾದಳು, ನಿರ್ಜಲೀಕರಣವಾಗಿ ಡ್ರಿಪ್ ಹಾಕಿಸಿಕೊಂಡಳು. ಅದನ್ನು ಮಕ್ಕಳಿಗೆ ಮಾದರಿ ಮಾಡುತ್ತೀರಾ?

ಕುಸ್ತಿ ತರಬೇತುದಾರ, ಮುಧೋಳ: ಹಿರಿಯರೊಡನೆ ಮಾತನಾಡುವ ರೀತಿಯೇ ಇದು?

ನಿರ್ವಾಹಕ: ಇಬ್ಬರೂ ನಿಲ್ಲಿಸಿ.

ಹುನಗುಂದದ ಸದಸ್ಯ: ಮಗ ಕಬಡ್ಡಿ ಬಿಟ್ಟು ಕೋಣೆಯಿಂದ ಹೊರಗೇ ಬರುತ್ತಿಲ್ಲ. ಏನು ಮಾಡಲಿ?

ಗೋಕಾಕದ ಸದಸ್ಯ: ಹಾಲಿಗೆ ಅರಿಶಿನವನ್ನಾದರೂ ಹಾಕಬಹುದೇ?

ಡಾಕ್ಟರ್: ಹಾಕಿ, ಕುಡಿಯಿರಿ, ಫಾರ್ವರ್ಡ್ ಮಾತ್ರ ಮಾಡಬೇಡಿ. ಇಂಡಿ ಪಟ್ಟಣದ ತಾಯಿ, ಎಂಆರ್‌ಐ ವರದಿಯನ್ನು ಇಲ್ಲಿ ಹಾಕದೆ ನನಗೇ ಕಳುಹಿಸಿ.