ಅಪ್‌ಡೇಟ್: ಚಿಯರ್‌ಲೀಡಿಂಗ್ ಪ್ರಾಕ್ಟೀಸ್ ಮತ್ತು ದೂರವಾಗ್ತಿದ್ದ ನನ್ನ ಗೆಳತಿಯರು

ಸ್ಪರ್ಧೆಯ ಪ್ರಾಕ್ಟೀಸ್‌ನಿಂದಾಗಿ ಗೆಳತಿಯರು ನನ್ನನ್ನ ಕರೆಯೋದನ್ನೇ ಬಿಟ್ಟಿದ್ದಾರೆ, ಏನ್ ಮಾಡ್ಲಿ ಅಂತ ಕೇಳಿದ್ದೆ. "ಬಿಡುವಿಲ್ಲ ಅಂತಷ್ಟೇ ಹೇಳ್ಬೇಡ, ಯಾಕಿಲ್ಲ ಅಂತ ಬಿಡಿಸಿ ಹೇಳು" ಅಂತ ಒಬ್ಬರು ಬರೆದಿದ್ರು. ಅವರಿಗೆ ತುಂಬಾ ಥ್ಯಾಂಕ್ಸ್.

ಇಬ್ಬರು ಗೆಳತಿಯರನ್ನೂ ಕೂರಿಸಿಕೊಂಡು ಹೇಳಿದೆ. ನಾನು ಬೇಸ್, ಅಂದ್ರೆ ಕೆಳಗೆ ನಿಂತು ಇನ್ನೊಬ್ಬಳನ್ನ ಮೇಲೆತ್ತಿ ಹಿಡಿಯೋಳು. ನಮ್ಮ ಗುಂಪಲ್ಲಿ ಇಬ್ಬರು ಬೇಸ್, ಹಿಂದೆ ನಿಂತು ಆಸರೆ ಕೊಡೋ ಬ್ಯಾಕ್‌ಸ್ಪಾಟ್ ಒಬ್ಬಳು, ನಾವು ಮೇಲೆತ್ತೋ ಫ್ಲೈಯರ್ ಒಬ್ಬಳು. ನಾನೊಬ್ಬಳು ತಪ್ಪಿಸಿದ್ರೆ ಉಳಿದ ಮೂವರೂ ಸುಮ್ಮನೆ ನಿಲ್ಲಬೇಕು. ಇದು ಅವರಿಗೆ ಗೊತ್ತೇ ಇರಲಿಲ್ಲ.

ಒಬ್ಬಳು ಪ್ರಾಕ್ಟೀಸ್ ನೋಡೋಕೆ ಬಂದಳು. ಎರಡೂವರೆ ನಿಮಿಷದ ರೊಟೀನ್, ಅದನ್ನೇ ಮತ್ತೆ ಮತ್ತೆ ಮಾಡಿದ್ವಿ. ಮುಗಿದ ಮೇಲೆ ನನ್ನ ಮಣಿಕಟ್ಟಿನ ಟೇಪ್ ಅವಳೇ ನಿಧಾನಕ್ಕೆ ಬಿಚ್ಚಿದಳು, ತೋಳಿನ ನೀಲಿಗಟ್ಟಿದ ಗುರುತು ನೋಡಿದಳು. "ಸಿಟ್ಟಲ್ಲ ಕಣೇ, ನಾವು ಬೇಡವಾದ್ವಿ ಅನ್ಕೊಂಡಿದ್ದೆ" ಅಂದಳು. ಇಬ್ಬರೂ ಅತ್ತುಬಿಟ್ವಿ.

ಈಗ ತಿಂಗಳ ವೇಳಾಪಟ್ಟಿ ಮೊದಲೇ ಕಳಿಸ್ತೀನಿ. ಪ್ರಾಕ್ಟೀಸ್ ಇಲ್ಲದ ಸಂಜೆ ಅವರದ್ದೇ, ಎಷ್ಟೇ ಸುಸ್ತಾಗಿದ್ರೂ ಹೋಗ್ತೀನಿ. ಇನ್ನೊಬ್ಬಳು ಮಾತ್ರ ಇನ್ನೂ ಸರಿಯಾಗಿ ಮಾತಾಡ್ತಿಲ್ಲ. ಅವಳ ಹುಟ್ಟುಹಬ್ಬಕ್ಕೆ ನಾನು ಹೋಗಿರಲಿಲ್ಲ, ನೋವಾಗಿದೆ. ನಿನ್ನೆ ನಾನೇ ಫೋನ್ ಮಾಡಿದೆ. ಎತ್ತಿದಳು.