ಹಳಿ ಹೊಲಿಗಿ ಮಷಿನ್ ಟೆನ್ಶನ್ ಕಿರಿಕಿರಿ: ಮಿಸ್ತ್ರಿ ಕಾಕಾಗ ಕೇಳ್ರಿ

ಅಡ್ಮಿನ್, ಬಾಗಲಕೋಟಿ: ಇವತ್ತ ಸಂಜಿ ರಿಪೇರಿ ಮಿಸ್ತ್ರಿ ಕಾಕಾ ಗ್ರೂಪ್‌ನ್ಯಾಗ ಇರ್ತಾರ. ಹಳಿ ಕರಿ ಮಷಿನ್ ದಾರದ ಟೆನ್ಶನ್ ಬಗ್ಗೆ ಅಷ್ಟ ಕೇಳ್ರಿ. ಗುಡ್ ನೈಟ್ ಫೋಟೋ ಬ್ಯಾಡ.

ಮುಧೋಳ ಅಕ್ಕಾ: ನಮಸ್ಕಾರ ಕಾಕಾರ, ಹೊಲಿಗಿ ಮ್ಯಾಲ ಚಂದ ಕಾಣತೈತಿ, ತಿರುವಿ ನೋಡಿದ್ರ ಕೆಳಗ ದಾರ ಗೊಂಚಲ ಗೊಂಚಲ. ಕೆಳಗಿನ ದಾರ ಸುತ್ತಿದ ಬಾಬಿನ್ ಕೂಡ್ರೂ ಕೇಸಿನ ಸ್ಕ್ರೂ ಬಿಗಿ ಮಾಡಿ ಮಾಡಿ ಸಾಕಾತ್ರಿ.

ಮಿಸ್ತ್ರಿ: ನಮಸ್ಕಾರ ಅಕ್ಕಾರ. ಕೆಳಗ ಗೊಂಚಲ ಬಂದ್ರ ತಪ್ಪು ಮ್ಯಾಲಿನ ದಾರದ್ದು, ಬಾಬಿನ್‌ದಲ್ಲ. ಬಟ್ಟಿ ಒತ್ತಿ ಹಿಡಿಯೂ ಫೂಟ್ ಇಳಿಸಿ ದಾರ ಪೋಣಿಸಿರ್ತೀರಿ. ಆವಾಗ ಮ್ಯಾಲಿನ ದಾರ ಹಿಡಿಯೂ ಟೆನ್ಶನ್ ಬಿಲ್ಲಿ ಎರಡೂ ಒತ್ತಿಕೊಂಡಿರ್ತಾವ, ದಾರ ನಡುವ ಕುಂದ್ರೂದಿಲ್ಲ. ಫೂಟ್ ಎತ್ತಿ ಮೊದಲಿಂದ ಪೋಣಸ್ರಿ, ಸ್ಕ್ರೂ ಮೊದಲ ಎಲ್ಲಿತ್ತೋ ಅಲ್ಲಿಗೆ ತರ್ರಿ.

ಜಮಖಂಡಿ: ಕಾಕಾ ನಂದೂ ಕೆಳಗ ಗೊಂಚಲ ಆಗತೈತಿ.

ಮಿಸ್ತ್ರಿ: ಮ್ಯಾಲ ಹೇಳೀನಿ. ಫೂಟ್ ಎತ್ತಿ ಪೋಣಸ್ರಿ.

ತಾಳಿಕೋಟಿ: ಒಂದ ಮೆಸೇಜ್ ಬಂದೈತಿ ನೋಡ್ರಿ, ಟೆನ್ಶನ್ ಬಿಲ್ಲಿಗೆ ಎರಡು ಹನಿ ಕೊಬ್ಬರಿ ಎಣ್ಣಿ ಬಿಟ್ರ ದಾರ ಬೆಣ್ಣಿ ಹಂಗ ಓಡತೈತಂತ, ಜಾಸ್ತಿ ಜಿಡ್ಡಾದ್ರ ಪೆಟ್ರೋಲ್‌ಲೆ ತೊಳೀರಂತ. ಎಲ್ಲಾರಿಗೂ ಉಪಯೋಗ ಆಗ್ಲಿ.

ಮಿಸ್ತ್ರಿ: ಯಾರಿಗೂ ಆಗೂದಿಲ್ಲ. ಬಿಲ್ಲಿ ಇರೂದ ದಾರ ಹಿಡಿಯಾಕ, ಅದಕ್ಕ ಎಣ್ಣಿ ಬಿಟ್ರ ಹಿಡಿಯೂದ್ಯಾವುದು? ಕೊಬ್ಬರಿ ಎಣ್ಣಿ ಒಳಗ ಒಣಗಿ ಗೋಂದ ಆಗತೈತಿ, ಬಟ್ಟಿಗೆ ಕಲಿನೂ ಬೀಳತೈತಿ. ಮೋಟಾರ್ ಹಚ್ಚಿದ ಮಷಿನ್‌ಗೆ ಪೆಟ್ರೋಲ್ ಬಳದ್ರ ಕಾರ್ಬನ್ ಬ್ರಶ್ ಕಿಡಿ ಹಾರಿ ಬೆಂಕಿ ಹತ್ತತೈತಿ, ಮಷಿನ್ ಮುಂದ ಕುಂತವರು ನೀವು, ಮೆಸೇಜ್ ಕಳಿಸಿದವರಲ್ಲ. ಫೂಟ್ ಎತ್ತಿ, ಬಿಲ್ಲಿ ನಡುವ ಒಣಾ ಕಾಟನ್ ಬಟ್ಟಿ ಅಂಚು ಹಾಕಿ ಹಿಂದ ಮುಂದ ಎಳೀರಿ, ಧೂಳು ಬರತೈತಿ. ಅಷ್ಟ.

ತಾಳಿಕೋಟಿ: ನಮ್ಮವ್ವ ಮೂವತ್ತ ವರ್ಷ ಕೊಬ್ಬರಿ ಎಣ್ಣೀನ ಹಾಕ್ಯಾಳ. ಅಕಿ ಮಷಿನ್‌ಗೆ ಏನೂ ಆಗಿಲ್ಲ.

ಇಳಕಲ್ ಟೇಲರ್: ಆ ಮಷಿನ್ ಈಗ ಎಲ್ಲೈತ್ರಿ?

ತಾಳಿಕೋಟಿ: ಅಟ್ಟದ ಮ್ಯಾಲ. ಅದಕ್ಕೇನೀಗ?

ಗುಳೇದಗುಡ್ಡ: ಕಾಕಾರ, ಖಣದ ಕುಬಸ ಹೊಲಿಯಾಕತ್ತೀನಿ. ಎರಡ ಇಂಚ್ ಚಲೋ ಬರತೈತಿ, ಆಮ್ಯಾಲ ನಾಕೈದು ಟಾಕಿ ಕೆಡತಾವ, ಮತ್ತ ಎರಡ ಇಂಚ್ ಚಲೋ. ಬಾಬಿನ್ ಮುಗಿಯೂ ಹೊತ್ತಿಗೆ ಇಂಚಿಗೊಮ್ಮೆ ಕೆಡತೈತಿ. ಒಬ್ಬ ಮಿಸ್ತ್ರಿ ಬಾಬಿನ್ ಕೇಸ್ ಕೂಡ್ರೂ ಶಟಲ್ ಪೂರಾ ಬದಲಿ ಮಾಡ್ರಿ ಅಂದಾರ. ಮಷಿನ್ ನಮ್ಮತ್ತೀದು, ಕೆಡಿಸಾಕ ಅಂಜಿಕಿ ಬರತೈತ್ರಿ. ಫೋಟೋ ಹಾಕೀನಿ.

ಮಿಸ್ತ್ರಿ: ತಂಗಿ, ಶಟಲ್ ಬದಲಿ ಮಾಡಬ್ಯಾಡ, ರೊಕ್ಕಾನೂ ಕೊಡಬ್ಯಾಡ. ಫೋಟೋ ನೋಡಿದೆ, ಕೆಟ್ಟಲ್ಲಿ ಕೆಳಗಿನ ದಾರ ತಂತಿ ಹಂಗ ನೆಟ್ಟಗ ಮಲಗೇತಿ, ಮ್ಯಾಲಿನ ದಾರ ಅದರ ಮ್ಯಾಲ ಚುಕ್ಕಿ ಚುಕ್ಕಿ ಕಾಣತೈತಿ, ಅಂದ್ರ ಆ ಜಾಗಾದಾಗ ಬಾಬಿನ್ ಒಂದ ಕ್ಷಣ ಸಿಕ್ಕೊಳ್ಳತೈತಿ. ನೀ ಹೇಳಿದ್ರಾಗ ಭಾರೀ ಮಾತಂದ್ರ ಎರಡ ಇಂಚಿದ್ದದ್ದು ಒಂದ ಇಂಚ್ ಆತು ಅಂದಿಯಲ್ಲ ಅದು. ತುಂಬಿದ ಬಾಬಿನ್ ಒಂದ ಸುತ್ತಿಗೆ ಸುಮಾರು 6 ಸೆಂ.ಮೀ. ದಾರ ಬಿಡತೈತಿ, ತಳಕ್ಕ ಬಂದಾಗ ಅದರ ಅರ್ಧ. ಮ್ಯಾಲಿನ ಬಿಲ್ಲಿ ಕೆಟ್ಟಿದ್ರ ಬಾಬಿನ್ ಖಾಲಿ ಆದಂಗ ಅಂತರ ಯಾಕ ಕಡಿಮಿ ಆಗ್ಬೇಕು? ಬಾಬಿನ್ ಡೊಂಕಾಗೇತಿ ಇಲ್ಲಾ ತುಕ್ಕ ಹಿಡದೈತಿ, ಸುತ್ತಿಗೊಮ್ಮೆ ಅದರ ಅಂಚು ಕೇಸಿಗೆ ತಿಕ್ಕತೈತಿ. ಖಾಲಿ ಬಾಬಿನ್ ಕನ್ನಡಿ ಮ್ಯಾಲ ಮಲಗಿಸಿ ಬೆರಳಲೆ ಒತ್ತು, ಕುಣದ್ರ ಒಗಿ. ಹೊಸಾದು ಹಾಕಿದ ಮ್ಯಾಲ ದಾರದ ತುದಿ ಹಿಡದು ಕೇಸ್ ತೂಗಬಿಡು, ಸಣ್ಣ ಝಟಕಾ ಕೊಟ್ರ ಎರಡ ಬೆರಳಷ್ಟು ಇಳದು ನಿಂದ್ರಬೇಕು. ದಢಾರಂತ ಬಿದ್ರ ಸ್ಕ್ರೂ ಗಡಿಯಾರದ ಮುಳ್ಳು ಐದ ನಿಮಿಷ ಸರದಷ್ಟ ಬಿಗಿ ಮಾಡು, ಹೆಚ್ಚಿಗೆ ಬ್ಯಾಡ. ಕೆಳಗ ತಟ್ಟಿ ಇಟಗೊಂಡು ಮಾಡು, ಆ ಸ್ಕ್ರೂ ಬಿದ್ರ ಸಿಗೂದಿಲ್ಲ. ಅತ್ತಿ ಮಷಿನ್‌ಗೆ ಏನೂ ಆಗಿಲ್ಲ.

ಅಥಣಿ: ಮೋಟಾರ್ ಕೂಡಿಸಾಕ ಎಷ್ಟಾಗತೈತಿ?

ರಬಕವಿ: ಖಣಕ್ಕ ಪಾಲಿಸ್ಟರ್ ದಾರ ಹಾಕಿದ್ರ ಹಿಂಗ ಆಗೂದ. ಕಾಟನ್ ಹಾಕ್ರಿ.

ಇಳಕಲ್ ಟೇಲರ್: ಏನೂ ಗೊತ್ತಿಲ್ಲದ ಮಾತಾಡಬ್ಯಾಡ್ರಿ. ನಾ ದಿನಾ ಪಾಲಿಸ್ಟರ್‌ಲೆ ಹೊಲೀತೀನಿ.

ರಬಕವಿ: ನಿಮ್ಮ ಗಿರಾಕಿಗಳು ಹೊಲಿಗಿ ಬಿಚ್ಚಿ ನೋಡೂದಿಲ್ಲ ಅನ್ರಿ ಹಂಗಾರ.

ಇಳಕಲ್ ಟೇಲರ್: ಬಾಯಾಗ ಮಾತ ಬರತೈತಿ, ಹೆಣ್ಮಕ್ಕಳು ಅದಾರಂತ ಸುಮ್ನದೀನಿ.

ಅಡ್ಮಿನ್, ಬಾಗಲಕೋಟಿ: ಜಗಳ ಬ್ಯಾಡ್ರಿ.

ಸಿಂದಗಿ: ಸೂಜಿ ಬದಲಿ ಮಾಡಿದಾಗಿಂದ ಟಾಕಿ ಜಿಗೀತಾವ, ಟೆನ್ಶನ್ ಹೆಚ್ಚ ಮಾಡ್ಲ್ಯಾ?

ಮಿಸ್ತ್ರಿ: ಬ್ಯಾಡ್ರಿ. ಸೂಜಿ ಉಲ್ಟಾ ಕುಂತೈತಿ. ಉದ್ದ ಗೆರಿ ಇರೂ ಕಡಿಂದ ದಾರ ಒಳಗ ಹೋಗ್ಬೇಕು, ಚಪ್ಪಟಿ ಕಡಿಗೆ ಹೊರಗ ಬರ್ಬೇಕು.

ತಾಳಿಕೋಟಿ: ಇನ್ನೊಂದ ಬಂದೈತಿ, ಕೇಸಿನ ಸ್ಪ್ರಿಂಗ್ ಲೂಸ್ ಇದ್ರ ಫೆವಿಕ್ವಿಕ್...

ಮಿಸ್ತ್ರಿ: ಅಡ್ಮಿನ್‌ರ, ಇವರನ್ನ ಒಂದಿಷ್ಟ ಸುಮ್ನ ಕೂಡಸ್ತೀರೇನು, ಇಲ್ಲಾ ನಾ ಹೋಗ್ಲ್ಯಾ?

ಅಥಣಿ: ಮೋಟಾರ್?

ಗುಳೇದಗುಡ್ಡ: ಕಾಕಾರ, ಎಂಟ ಬಾಬಿನ್ ಇದ್ವು, ಕನ್ನಡಿ ಮ್ಯಾಲ ಐದು ಕುಣದ್ವು! ಉಳದ ಮೂರರಾಗ ಒಂದ ಹಾಕಿದೆ, ಕುಬಸದ ತೋಳು ಪೂರಾ ಒಂದ ನಮೂನಿ ಬಂತ್ರಿ.

ಮಿಸ್ತ್ರಿ: ಐದನ್ನೂ ಇವತ್ತ ಒಗಿ, ಇಲ್ಲಾಂದ್ರ ನಾಳಿ ಮತ್ತ ಡಬ್ಬಿಯೊಳಗಿಂದ ಅವ ಕೈಗೆ ಬರ್ತಾವ. ನಾ ಊಟಕ್ಕ ಎದ್ದೆ.

ಮಹಾಲಿಂಗಪುರ: ಕಾಕಾ ಅದೀರೇನ್ರಿ? ಕೆಳಗ ದಾರ ಗೊಂಚಲ ಆಗಾಕತ್ತೈತಿ.

ಇಳಕಲ್ ಟೇಲರ್: ಕೊಬ್ಬರಿ ಎಣ್ಣಿ ಹಾಕ್ರಿ.

ತಾಳಿಕೋಟಿ: ನೋಡ್ರೀ ಅಡ್ಮಿನ್‌ರ, ಈಗ ಯಾರ ಶುರು ಮಾಡಿದ್ರು?