ಪದಚರ್ಚೆ: ‘ಕೂಡದು’ ತೆಗೆದು ‘ಪೇರಿಸು’ ಹಾಕಬಹುದೇ?

ಗೆಳೆಯರೇ,

ಆಟದ ನಿಯಮಗಳನ್ನು ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷಿನ ‘ಸ್ಟ್ಯಾಕ್’ಗೆ, ಅಂದರೆ ಫಲಗಳು ಒಂದರ ಮೇಲೊಂದು ಸೇರುವುದಕ್ಕೆ, ಯಾವ ಪದ ಹಾಕಲಿ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು. ಗುರುವಾರ ಸಂಜೆ ನಿಯಮದ ಹಾಳೆ ಅಚ್ಚಿಗೆ ಹೋಗಬೇಕು, ಪದ ಇನ್ನೂ ನಿಂತಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಆಟದ 2014ರ ನಿಯಮದಂತೆ ಬೇರೆ ಬೇರೆ ಮಂತ್ರಗಳ ಫಲ ಒಂದಕ್ಕೊಂದು ಸೇರುತ್ತದೆ. ಒಂದೇ ಮಂತ್ರವನ್ನು ಇಬ್ಬರು ಒಬ್ಬನ ಮೇಲೆ ಹಾಕಿದರೆ ಸೇರುವುದಿಲ್ಲ, ಹೆಚ್ಚು ಬಲದ್ದಷ್ಟೇ ಲೆಕ್ಕಕ್ಕೆ. ಹರಸುವ ಮಂತ್ರ ಸಿಕ್ಕವನು ಏಟು ಹಾಕುವಾಗ ಇಪ್ಪತ್ತು ಮುಖದ ದಾಳದ ಜೊತೆಗೆ ನಾಲ್ಕು ಮುಖದ್ದೊಂದನ್ನು ಉರುಳಿಸುತ್ತಾನೆ. ಇಬ್ಬರು ಹರಸಿದರೂ ಆ ಪುಟ್ಟ ದಾಳ ಒಂದೇ. ಇದನ್ನು ನಾನು ‘ಒಂದೇ ಮಂತ್ರದ ಎರಡು ಫಲ ಕೂಡದು’ ಎಂದು ಬರೆದಿದ್ದೆ. ಕಳೆದ ಭಾನುವಾರ ಕುವೆಂಪುನಗರದ ನಮ್ಮ ಮನೆಯಲ್ಲಿ ಆಡುವಾಗ ಪಿಯುಸಿ ಓದುವ ಹುಡುಗಿಯೊಬ್ಬಳು ಆ ಸಾಲು ಓದಿದಳು, ಪಕ್ಕದವನ ಪಾತ್ರದ ಹಾಳೆಯಲ್ಲೂ ಅದೇ ಮಂತ್ರ ಇರುವುದನ್ನು ನೋಡಿದಳು, ರಬ್ಬರ್ ತೆಗೆದುಕೊಂಡು ತನ್ನ ಹಾಳೆಯಿಂದ ಆ ಮಂತ್ರವನ್ನೇ ಅಳಿಸಿಬಿಟ್ಟಳು. ಇಬ್ಬರ ಬಳಿ ಇರಕೂಡದು ಎಂದುಕೊಂಡಿದ್ದಳು. ತಪ್ಪು ಅವಳದಲ್ಲ. ‘ಕೂಡದು’ ಇಂದು ನಿಷೇಧವೇ. ‘ಸೇರದು’ ಎಂಬ ಅರ್ಥ ಯಾರ ಕಿವಿಗೂ ಬೀಳುವುದಿಲ್ಲ.

‘ಕೂಡುವುದಿಲ್ಲ’ ಎಂದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ‘ಕೂಡದ ಫಲಗಳು’ ಎಂದು ತಲೆಬರಹ ಕೊಟ್ಟೊಡನೆ ಅದೇ ತೊಡಕು.

ನಿಮ್ಮಲ್ಲಿ ಕೆಲವರು ಸೂಚಿಸಿದ ‘ಅತಿವ್ಯಾಪ್ತಿ’ಯನ್ನು ದಯವಿಟ್ಟು ಬಿಡಿ. ತರ್ಕಶಾಸ್ತ್ರದಲ್ಲಿ ಅದು ಲಕ್ಷಣದ, ಅಂದರೆ ವ್ಯಾಖ್ಯೆಯ, ದೋಷ. ಹಸುವೆಂದರೆ ಕೊಂಬುಳ್ಳದ್ದು ಎಂದಾಗ ಎಮ್ಮೆಯೂ ಒಳಗೆ ಬರುತ್ತದಲ್ಲ, ಅದು. ಇಲ್ಲಿ ದೋಷ ಎಲ್ಲಿದೆ?

‘ಸ್ಟ್ಯಾಕ್’ ಎಂದೇ ಇರಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರು ಎಲೆಯಾಟಕ್ಕೆ ಪಾರಸಿಯ ‘ಗಂಜೀಫಾ’ ಎಂಬ ಹೆಸರನ್ನು ಒಪ್ಪಲಿಲ್ಲವೇ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಗಂಜೀಫಾ ವಸ್ತುವಿನ ಹೆಸರು, ವಸ್ತುವಿನೊಡನೆ ಬಂತು. ಒಂದರ ಮೇಲೊಂದು ಇಡುವ ಕೆಲಸ ಹೊರಗಿನಿಂದ ಬಂದದ್ದಲ್ಲ. ಪಾಂಡವಪುರದ ಕಡೆಯ ನಮ್ಮೂರಿನಲ್ಲಿ ಹುಲ್ಲಿನ ಮೆದೆ ಒಟ್ಟುತ್ತಾರೆ, ಭತ್ತದ ಮೂಟೆ ಪೇರಿಸುತ್ತಾರೆ. ‘ಒಟ್ಟು’ ನನಗೆ ಹೆಚ್ಚು ಇಷ್ಟ. ಆದರೆ ಅದೇ ಹಾಳೆಯಲ್ಲಿ ‘ಒಟ್ಟು 17’ ಎಂದು ಮೊತ್ತವೂ ಇರುತ್ತದೆ, ಗೊಂದಲ ಖಂಡಿತ. ಹಾಗಾಗಿ ‘ಪೇರಿಸು’. ಹಳಗನ್ನಡದ ‘ಪೇರು’ ನಮ್ಮ ಬಾಯಲ್ಲಿ ‘ಹೇರು’ ಆದರೂ ‘ಪೇರಿಸು’ ಪಕಾರವನ್ನು ಬಿಡಲಿಲ್ಲ, ಎಂತಹ ಗಟ್ಟಿ ಪದ! ‘ಒಂದೇ ಮಂತ್ರದ ಫಲಗಳನ್ನು ಪೇರಿಸುವಂತಿಲ್ಲ’ ಎಂದಾಗ ನಿಷೇಧ ಪೇರಿಸುವುದಕ್ಕೆ, ಮಂತ್ರ ಇಟ್ಟುಕೊಳ್ಳುವುದಕ್ಕಲ್ಲ. ಆ ಹುಡುಗಿಗೆ ಮೊನ್ನೆ ಈ ಸಾಲು ತೋರಿಸಿದೆ. ಅಳಿಸಿದ್ದ ಜಾಗದಲ್ಲಿ ಮಂತ್ರವನ್ನು ಮತ್ತೆ ಬರೆದುಕೊಂಡಳು.

ಇನ್ನೊಂದು ಪದ ಉಳಿದಿದೆ. ಎರಡು ಫಲಗಳು ಒಂದೇ ಜಾಗವನ್ನು ಕವಿದು, ಒಂದೇ ಆಗಿ ಎಣಿಕೆಯಾಗುವ ಸ್ಥಿತಿಗೆ ಏನೆನ್ನೋಣ? ನಾಡಹೆಂಚಿನ ಮಾಡು ನೆನಪಾಗುತ್ತದೆ. ಒಂದರ ಅಂಚು ಇನ್ನೊಂದರ ಮೇಲೆ ಕೂರುತ್ತದೆ, ಅಲ್ಲಿ ಹೆಂಚು ಎರಡಿದ್ದರೂ ಸೂರು ಒಂದೇ. ಆ ನಾಲ್ಕು ಬೆರಳಿನ ಜಾಗಕ್ಕೆ ನಿಮ್ಮೂರಿನ ಹೆಂಚು ಹೊದಿಸುವವರು ಏನೆನ್ನುತ್ತಾರೆ? ಕೇಳಿ ಗುರುವಾರ ಮಧ್ಯಾಹ್ನದೊಳಗೆ ತಿಳಿಸಿ.